ಬೆಣ್ಣೆ ಸುಣ್ಣಗಳ ವಿಚಾರ

ತಂದೆತಾಯಂದಿರಿಗೆ ತಮ್ಮ ಮಕ್ಕಳೆಲ್ಲರಲ್ಲಿಯೂ ಸಮನಾದ ಪ್ರೀತಿಯಿರುವುದೇ, ಇರುವುದು ಸಾಧ್ಯವೇ, ಇಲ್ಲದಿದ್ದರೆ ಅದು ದೋಷವೇ ಎಂಬ ಮೂರು ಪ್ರಶ್ನೆಗಳು ಒಂದರ ಬೆನ್ನಿಗೊಂದು ಹೊರಡುವುವು. ಮೊದಲನೆಯದಕ್ಕೆ ತಾಯಂದಿರೆಲ್ಲರದೂ ಒಂದೇ ಉತ್ತರ: ‘ಇಬ್ಬರೂ ನನಗೆ ಎರಡು ಕಣ್ಣುಗಳಿದ್ದ ಹಾಗೆ.’ ಹಾಗಾದರೆ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬ ಗಾದೆಯನ್ನು ಕಟ್ಟಿದವರಾರು? ಆ ಎರಡನೆಯ ಕಣ್ಣೇ ಕಟ್ಟಿರಬೇಕೆಂದು ನನ್ನ ಊಹೆ.

ಈ ವಿಷಯದಲ್ಲಿ ನಮ್ಮ ಪ್ರಾಚೀನರು ಮುಚ್ಚುಮರೆ ಮಾಡಿದವರಲ್ಲ. ಐತರೇಯ ಬ್ರಾಹ್ಮಣದ ಏಳನೆಯ ಪಂಚಿಕೆಯಲ್ಲಿ ಬರುವ ಶುನಃಶೇಪನ ಆಖ್ಯಾನವನ್ನು ವಾಚಕ ಮಹಾಶಯರು ಬಲ್ಲರು. ಹರಿಶ್ಚಂದ್ರನ ಮಗನಾದ ರೋಹಿತನು, ವರುಣನಿಗೆ ಬಲಿಯಾಗಬೇಕಾದ ತನ್ನ ಬದಲಿಗೆ ಒಬ್ಬ ಹುಡುಗನನ್ನು ಕೊಂಡುಕೊಳ್ಳಲು, ಹಸಿವಿನಿಂದ ಬಳಲುತ್ತಿದ್ದ ಅಜೀಗರ್ತನ ಬಳಿಗೆ ಬಂದನು. ಅಜೀಗರ್ತನಿಗೆ ಮೂವರು ಗಂಡುಮಕ್ಕಳು. ಒಬ್ಬನಿಗೆ ಬೆಲೆ ನೂರು ಗೋವುಗಳು. ತಂದೆಯು ಹಿರಿಯನನ್ನು ಹಿಡಿದುಕೊಂಡು ಇವನನ್ನು ಕೊಡಲಾರೆನೆಂದನು. ತಾಯಿಯು ಕಿರಿಯನನ್ನು ಹಿಡಿದುಕೊಂಡು ಇವನನ್ನು ಕೊಡಲಾರೆನೆಂದಳು. ಉಳಿದವನು ನಡುವಣ ಶುನಃಶೇಪ. ಅವನನ್ನು ಯಾರಾದರೂ ದ್ವೇಷಿಸುತ್ತಿದ್ದರೆಂದು ಶ್ರುತಿಯು ಹೇಳುವುದಿಲ್ಲ. ಹಿಡಿದುಕೊಳ್ಳುವವರು ಮುಗಿದುಹೋಗಿದ್ದರು, ಅಷ್ಟೆ. ಈಗಿನ ನಡುವಣ ಮಗನಿಗೆ ಯೂಪಸ್ತಂಭದ ಭಯವಿಲ್ಲ. ಅಣ್ಣನಿಗೆ ಬಿಗಿಯಾದ ಅಂಗಿಯು ಇವನಿಗೆ ಬರುವುದು. ಇವನಿಗೂ ಬಿಗಿಯಾಗುವ ಹೊತ್ತಿಗೆ ಅದು ಹರಿದುಹೋಗುವುದರಿಂದ ತಮ್ಮನಿಗೆ ಹೊಸದನ್ನೇ ಹೊಲಿಸುವರು.

ಕಥೆಯ ಪೂರ್ವಾರ್ಧವನ್ನು ಕೇಳಿ ಕಣ್ಣೊರಸಿಕೊಳ್ಳುವವರು ಉತ್ತರಾರ್ಧವನ್ನು ಮರೆತುಬಿಡುವುದುಂಟು. ದೇವತೆಗಳ ಅನುಗ್ರಹದಿಂದ ಬಂಧಮುಕ್ತನಾದ ಶುನಃಶೇಪನು ತಂದೆಯ ಬಳಿಗೆ ಮರಳಲೊಲ್ಲದೆ ವಿಶ್ವಾಮಿತ್ರನ ತೊಡೆಯೇರಿದನು. ವಿಶ್ವಾಮಿತ್ರನು ಅವನನ್ನು ಮಗನಾಗಿ ಸ್ವೀಕರಿಸಿದುದಲ್ಲದೆ ತನ್ನ ಮಕ್ಕಳೆಲ್ಲರಿಗೂ ಜ್ಯೇಷ್ಠನನ್ನಾಗಿ ಮಾಡಿದನು. ಆ ಮಕ್ಕಳಾದರೋ ನೂರೊಂದು ಮಂದಿ: ಮಧುಚ್ಛಂದಸನಿಗಿಂತ ಹಿರಿಯರು ಐವತ್ತು, ಕಿರಿಯರು ಐವತ್ತು. ಹಿರಿಯರಿಗೆ ಈ ಏರ್ಪಾಡು ಸರಿತೋರಲಿಲ್ಲ. ಅವರ ಸಂತತಿಯು ದೇಶದ ಅಂಚುಗಳ ಪಾಲಾಗಲೆಂದು ತಂದೆಯು ಶಪಿಸಿದನು. ಮಧುಚ್ಛಂದಸನು ಕಿರಿಯರೊಡನೆ ಒಪ್ಪಿಕೊಂಡು ಆಶೀರ್ವಾದಕ್ಕೆ ಪಾತ್ರನಾದನು. ಅವನ ಔದಾರ್ಯವನ್ನು ಹೊಗಳತಕ್ಕದ್ದೇ. ಆದರೆ ತನ್ನ ಮೇಲೆ ಆಗಲೇ ಐವತ್ತು ಮಂದಿ ಅಣ್ಣಂದಿರಿರುವವನಿಗೆ ಇನ್ನೊಬ್ಬನು ಬಂದು ಸೇರಿದರೆ ಆಗುವ ನಷ್ಟವಾದರೂ ಎಷ್ಟು? ಜ್ಯೇಷ್ಠಪದವಿಯನ್ನು ನಿಜವಾಗಿ ಕಳೆದುಕೊಂಡವನು ಮೊದಲನೆಯವನೊಬ್ಬನೇ. ಅವನಿಗೆ ದೊರೆತುದು ಶಾಪ.

ಅಜೀಗರ್ತನು ಮಾಡಿದುದು ಕ್ರೌರ್ಯ, ವಿಶ್ವಾಮಿತ್ರನು ಮಾಡಿದುದು ಕಾರುಣ್ಯ. ಆದರೂ ವಿಶ್ವಾಮಿತ್ರನ ಹಿರಿಯ ಮಗನು ನಿಂತಿದ್ದ ಸ್ಥಳದಿಂದ ನೋಡಿದರೆ ಎರಡಕ್ಕೂ ಬಣ್ಣ ಒಂದೇ. ಒಲವನ್ನು ಪಡೆದವನಿಗೆ ಪಕ್ಷಪಾತವು ಕಾಣಿಸುವುದೇ ಇಲ್ಲ. ಪಡೆಯದವನಿಗೆ ಅದೊಂದೇ ಕಾಣಿಸುವುದು. ಒಲವು ನಮ್ಮ ಆಜ್ಞೆಗೆ ಒಳಪಟ್ಟುದಲ್ಲವಾದುದರಿಂದ ಅದರಲ್ಲಿ ದೋಷವನ್ನೆಣಿಸುವುದು ನ್ಯಾಯವಲ್ಲವೆಂದು ನನ್ನ ಮತ. ಕೈಯಾದರೋ ಆಜ್ಞೆಗೆ ಒಳಪಟ್ಟುದು. ಯಾವ ಮಗನ ಮೇಲೆ ಮನಸ್ಸು ಹರಿಯಿತೆಂದು ತಾಯಿಯನ್ನು ಕೇಳುವ ಅಧಿಕಾರ ಯಾರಿಗೂ ಇಲ್ಲ; ಪಾಯಸದ ಸೌಟು ಯಾರ ಸರದಿಯಲ್ಲಿ ತಳದ ದ್ರಾಕ್ಷಿ ಗೋಡಂಬಿಗಳವರೆಗೆ ಇಳಿಯಿತೆಂದು ಕೇಳಬಹುದು.

ಈ ಭೇದವನ್ನು ನಮ್ಮ ನಾಡಿನ ವಿಜ್ಞಾನೇಶ್ವರನು ಚೆನ್ನಾಗಿ ಅರಿತಿದ್ದನೆಂದು ತೋರುವುದು. ಈಗ ಬೀದರ ಜಿಲ್ಲೆಗೆ ಸೇರಿರುವ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ಈ ಮಹನೀಯನ ಎದುರಿಗೆ, ಜ್ಯೇಷ್ಠನಿಗೆ ಹೆಚ್ಚಿನ ಭಾಗವನ್ನು ಕೊಡಬಹುದೆಂಬ ಸ್ಮೃತಿವಚನವಿದ್ದಿತು. ವಚನವನ್ನು ಅಲ್ಲಗಳೆಯುವಂತಿಲ್ಲ. ವಿಷಮವಿಭಾಗವು ಶಾಸ್ತ್ರದಲ್ಲಿ ಕಂಡುಬಂದರೂ ಲೋಕವು ಅದನ್ನು ದ್ವೇಷಿಸುವುದರಿಂದ ಆಚರಣೆಗೆ ತಕ್ಕುದಲ್ಲವೆಂದು ಅವನು ತೀರ್ಮಾನಿಸಿದನು. ಲೋಕವೆಂಬುದಕ್ಕೆ ಇಲ್ಲಿ ತಮ್ಮಂದಿರೆಂದು ಅರ್ಥಮಾಡಿದರೂ ಬಾಧಕವಿಲ್ಲ. ಅಕ್ಕತಂಗಿಯರು ಬಹುಕಾಲ ಈ ಪಂಕ್ತಿಯಿಂದ ಹೊರಗೇ ಇದ್ದರು. ಕರ್ನಾಟಕದಲ್ಲಿ 1994ರಲ್ಲಿಯೂ ದೇಶಕ್ಕೆಲ್ಲ 2005ರಲ್ಲಿಯೂ ಹಿಂದೂ ಉತ್ತರಾಧಿಕಾರದ ಕಾನೂನು ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತದ ಜಗಳದಲ್ಲಿ ಅವರಿಗೂ ನ್ಯಾಯವಾದ ಸ್ಥಾನವು ದೊರೆತಿದೆ.

ಹೊಲಮನೆಗಳನ್ನು ಕಾನೂನು ಹಂಚೀತು, ಹೋಳಿಗೆಯನ್ನು ಹಂಚುವವರಾರು? ಇದಕ್ಕೆ ಮನೆಗಳಲ್ಲಿ ಒಂದು ಹಳೆಯ ಉಪಾಯವುಂಟು: ಹಿರಿಯನು ಮುರಿಯಬೇಕು, ಕಿರಿಯನು ಆರಿಸಬೇಕು. ಆಗ ಹಿರಿಯನು ಅಕ್ಕಸಾಲಿಗನು ಚಿನ್ನವನ್ನು ತೂಗುವಷ್ಟು ಎಚ್ಚರಿಕೆಯಿಂದ ಮುರಿಯುವನು. ಕಿರಿಯನು ಎರಡು ಭಾಗಗಳನ್ನೂ ತಿರುಗಿಸಿ ತಿರುಗಿಸಿ ನೋಡಿ, ಬೇರೆ ದಾರಿಯಿಲ್ಲದೆ ಒಂದನ್ನು ಎತ್ತಿಕೊಂಡು, ಅಣ್ಣನ ಎಲೆಗೆ ಅಮ್ಮ ಎಷ್ಟು ತುಪ್ಪ ಬಡಿಸುವಳೆಂದು ನೋಡುತ್ತ ಕುಳಿತುಕೊಳ್ಳುವನು.