ಆಕಾಶದಿಂದ ಬಂದ ಸ್ವರ

ಕೇಳುವಿಕೆಗೂ ನಂಬಿಕೆಗೂ ಇರುವ ಸಂಬಂಧವನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 10ನೆಯ ಅಧ್ಯಾಯದಲ್ಲಿ ತಿಳಿಸಿದ್ದಾನೆ. 1970ರಲ್ಲಿ ಫೇಬಾ ಎಂಬ ಸುವಾರ್ತಾ ಸಂಸ್ಥೆಯವರು ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪದಿಂದ ರೇಡಿಯೋ ಪ್ರಸಾರವನ್ನು ಆರಂಭಿಸಿದರು. ಅವರ ಕಂಬಗಳು ಸಮುದ್ರದ ನೀರಿನಲ್ಲಿ, ಹವಳದ ದಿಬ್ಬದ ಮೇಲೆ ನಿಂತಿದ್ದವು. ಕ್ರಿಯೋಲ್, ಫ್ರೆಂಚ್ ಭಾಷೆಗಳನ್ನಾಡುವ ಜನರ ಆ ದ್ವೀಪದಿಂದ ನಮ್ಮ ಕನ್ನಡದ ಮಾತು ಹೊರಟು ಬಂದದ್ದು ಎಂಥ ಆಶ್ಚರ್ಯ!

ಭಾಲ್ಕಿಯಲ್ಲಾಗಲಿ ಔರಾದಿನಲ್ಲಾಗಲಿ ತನ್ನ ಮನೆಯೊಳಗೆ ತಾನೊಬ್ಬನೇ ನಂಬಿದವನಿಗೆ ಇಂಥ ಸ್ವರವು ಒಳ್ಳೆಯ ಸಂಗಾತಿ. ಆದರೆ ಅದು ನಮ್ಮ ಅಳುವನ್ನು ಕೇಳಲಾರದು. ಜ್ವರದಿಂದ ಮಲಗಿದ ವಿಧವೆಗೆ ನೀರು ತಂದು ಕೊಡಲಾರದು. ದೀಕ್ಷಾಸ್ನಾನ ಮಾಡಿಸಲಾರದು, ಕರ್ತನ ಭೋಜನದ ರೊಟ್ಟಿಯನ್ನು ಮುರಿಯಲಾರದು. 2003ರಲ್ಲಿ ಸೆಶೆಲ್ಸಿನ ಆ ಪ್ರಸಾರವೂ ನಿಂತುಹೋಯಿತು.

ಈಗಲಾದರೋ ಬೀದರ ನಗರದವರೂ ಹಳ್ಳಿಯವರೂ ಮೊಬೈಲಿನಲ್ಲಿ ಬೇಕಾದ ಪ್ರಸಂಗವನ್ನು ಬೇಕಾದಾಗ ಕೇಳುತ್ತಾರೆ. ಕೇಳಲಿ, ಅದು ಒಳ್ಳೆಯದೇ. ಆದರೆ "ಮನೆಯಲ್ಲಿಯೇ ಕೇಳಿದೆನು" ಎಂದು ಹೇಳಿ ಕರ್ತನ ದಿನದಲ್ಲಿ ಸಭೆಗೆ ಬಾರದವನ ಮಾತನ್ನು ನಾನು ಒಪ್ಪೆನು. ನಡೆಯಲಾರದ ನೆರೆಮನೆಯ ಮುದುಕಿಯನ್ನು ಕೈಹಿಡಿದು ಕರೆತರುವವರು ಯಾರು? ಆದಕಾರಣ ಸಹೋದರರೇ, ಈ ವಾರ ಪ್ರಸಂಗ ಮುಗಿದೊಡನೆ ಎದ್ದು ಆಕೆಯ ಮನೆಗೆ ಹೋಗಿರಿ. ಹತ್ತಿರ ಕುಳಿತು, ಕೇಳಿದ್ದನ್ನು ನಿಮ್ಮ ಬಾಯಿಂದಲೇ ಆಕೆಗೆ ಹೇಳಿರಿ.