ಮರೆಯಲ್ಲಿ ಕುಡಿಯುವ ಕಷಾಯ

ಕ್ಯಾನ್ಸರ್ ಎಂಬ ಅರ್ಬುದರೋಗಕ್ಕೆ ಆಸ್ಪತ್ರೆಯ ಔಷಧವನ್ನು ತಕ್ಕೊಳ್ಳುವವನು ನಾಟಿವೈದ್ಯರ ಕಷಾಯವನ್ನೂ ಕುಡಿಯಬಹುದೋ ಎಂದು ಅನೇಕರು ಕೇಳುತ್ತಾರೆ. ಚಿಕಿತ್ಸೆಯನ್ನು ಬಿಟ್ಟು ಬೇರೊಂದನ್ನು ಹಿಡಿಯುವದು ಒಂದು; ಚಿಕಿತ್ಸೆಯೊಡನೆ ಬೇರೊಂದನ್ನು ಕೂಡಿಸುವದು ಮತ್ತೊಂದು. ಮೊದಲನೆಯದರ ಫಲವೇನಂದರೆ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ರೋಗವು ಇನ್ನೂ ದೂರ ಹರಡದಿದ್ದಾಗಲೇ ಚಿಕಿತ್ಸೆಯನ್ನು ತೊರೆದು ಅನ್ಯಮಾರ್ಗ ಹಿಡಿದವರಿಗೆ ಮರಣದ ಅಪಾಯವು 2.5 ಪಟ್ಟಾಗಿ ಕಂಡುಬಂತು. ಎರಡನೆಯದರಲ್ಲಿ, ಹಿತವಾದ ಸಂಗೀತವು ಕಳವಳವನ್ನು ತಗ್ಗಿಸುವದುಂಟು. ಕೆಲವು ಮೂಲಿಕೆಗಳಾದರೋ ಔಷಧದ ಬಲವನ್ನೇ ಕುಂದಿಸುತ್ತವೆ. ಬಂಧುಗಳು ಪ್ರೀತಿಯಿಂದ ಕೊಟ್ಟದ್ದೆಂಬ ಮಾತ್ರಕ್ಕೆ ಅದು ನಿರಪಾಯವಾಗದು. ಆದದರಿಂದ ಏನನ್ನೇ ಆಗಲಿ ಡಾಕ್ಟರರಿಗೆ ಮರೆಮಾಡಿ ಕುಡಿಯಬಾರದು. ಡಾಕ್ಟರರೂ ಗದರಿಸದೆ ಕೇಳತಕ್ಕದ್ದು. ಯಾಕಂದರೆ ಭಯವಿರುವಲ್ಲಿ ಸತ್ಯವು ಬಾಯಿಗೆ ಬಾರದು.