ಎರಡು ಹಾಯಿದೋಣಿಗಳ ನ್ಯಾಯ

ಎರಡು ವಸ್ತುಗಳಲ್ಲಿ ಉತ್ತಮವಾವುದೆಂದು ಕೇಳುವಾತನು, ಅವೆರಡನ್ನೂ ಅಳೆಯಲು ಒಂದೇ ಅಳತೆಗೋಲು ಇದೆಯೆಂದು ಮೊದಲೇ ನಂಬಿಕೊಂಡಿರುತ್ತಾನೆ. ಈ ನಂಬಿಕೆಯು ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಾರ್ಹವಾಗಿದೆ. ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡಿ ಕಡಲನ್ನು ಸೇರುವ ಅಳಿವೆಯನ್ನು ದಿನವೂ ಕಾಣುವ ಮಂಗಳೂರಿನ ವಾಚಕರಿಗೆ ಇದಕ್ಕೆ ದೋಣಿಗಿಂತ ತಕ್ಕ ದೃಷ್ಟಾಂತವು ದೊರೆಯಲಾರದು.

ಒಬ್ಬ ಗೃಹಸ್ಥನು ಹಳೆಯದೊಂದು ಸಣ್ಣ ಹಾಯಿದೋಣಿಯನ್ನು ಕೊಳ್ಳಲೆಳಸುವನೆಂದು ಇಟ್ಟುಕೊಳ್ಳಬಹುದು. ರಜಾದಿನಗಳಲ್ಲಿ ಹೆಂಡತಿ ಮಕ್ಕಳೊಡನೆ ಜಲವಿಹಾರ ಮಾಡುವ ಆಸೆ ಆತನಿಗುಂಟು. ಸಮವಯಸ್ಕರೊಡನೆ ಪಂದ್ಯ ಹೂಡುವ ಉತ್ಸಾಹವೂ ಉಂಟು. ಹಣ ಮಾತ್ರ ಒಂದೇ ದೋಣಿಗೆ ಸಾಲುವಷ್ಟು. ಮುಂದಿರುವ ಎರಡು ದೋಣಿಗಳ ಉದ್ದವೂ ಒಂದೇ, ಬೆಲೆಯೂ ಒಂದೇ. ಒಂದು ಕಿರಿದಾದ ಹಗುರ ಒಡಲಿನದು. ಅದರ ಕೂವೆಮರವು ಎತ್ತರ, ಹಾಯಿಯು ವಿಶಾಲ. ಇನ್ನೊಂದು ಅಗಲವಾದ ಒಡಲಿನದು, ತಳದಲ್ಲಿ ಭಾರವುಳ್ಳದ್ದು, ಹಾಯಿಯು ಮಿತವಾದದ್ದು.

ನೀರನ್ನು ಸೀಳಿಕೊಂಡು ಹೋಗುವ ದೋಣಿಯು ತಾನೆಬ್ಬಿಸಿದ ಅಲೆಗೇ ಸೆರೆಯಾಗುತ್ತದೆ. ನೀರಿನ ಮಟ್ಟದಲ್ಲಿ ಅದರ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು ೧.೩೪ರಿಂದ ಗುಣಿಸಿದರೆ, ಗಂಟೆಗೆ ಎಷ್ಟು ನಾವಿಕ ಮೈಲಿ ಎಂಬ ಮಿತಿಯು ಸುಮಾರಾಗಿ ತಿಳಿಯುವುದು: ೧೬ ಅಡಿಗೆ ೫.೪, ೨೫ ಅಡಿಗೆ ೬.೭. ಭಾರದ ದೋಣಿಯು ಗಾಳಿ ಎಷ್ಟೇ ಬೀಸಲಿ, ಈ ಮಿತಿಯನ್ನು ಬಹಳವಾಗಿ ಮೀರದು. ಹಗುರವಾದುದಾದರೋ ತನ್ನ ಅಲೆಯನ್ನೇ ಏರಿ, ನೀರಿನ ಮೇಲೆ ಜಾರುತ್ತ ಮುಂದೋಡಬಲ್ಲುದು. ಆದರೆ ಅದನ್ನು ನೆಟ್ಟಗೆ ನಿಲ್ಲಿಸುವುದು ಬಹುಮಟ್ಟಿಗೆ ಕುಳಿತವರ ಮೈಭಾರವೇ; ಕ್ಷಣಕಾಲ ಮೈಮರೆತರೆ ಮಗುಚಿತು. ಅಗಲವಾದ ದೋಣಿಯು ನಡೆಸುವವನ ಅಜಾಗ್ರತೆಯನ್ನು ಕೊಂಚ ಸಹಿಸಿಕೊಳ್ಳುತ್ತದೆ.

ಹಾಗಾದರೆ ವೇಗವು ದೋಷವೋ? ಪಶ್ಚಿಮ ಸಮುದ್ರದ ಜನರು ಹಾಗೆಣಿಸಲಿಲ್ಲ. ೧೯೫೬ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಅಮೀನದಿವಿ ದ್ವೀಪಗಳವರು ತೆಂಗಿನ ನಾರನ್ನು ಮಂಗಳೂರಿಗೆ ತಂದು ಅಕ್ಕಿಯನ್ನು ಒಯ್ಯುತ್ತಿದ್ದುದು ಅಗಲವಾದ ಓಡಗಳಲ್ಲಿ; ಅಲ್ಲಿ ಬೇಗನೆ ತಲಪುವುದಕ್ಕಿಂತ ತಪ್ಪದೆ ತಲಪುವುದೇ ಮುಖ್ಯವಾಗಿತ್ತು. ಅದೇ ಕಡಲಿನ ಮಿನಿಕಾಯ್ ದ್ವೀಪದಲ್ಲಿ ಪಂದ್ಯಕ್ಕೆಂದೇ ನೀಳವಾದ ಜಹಾದೋಣಿಗಳುಂಟು. ಅನ್ನವನ್ನು ತರುವ ಹಡಗಿನಿಂದ ಓಟವನ್ನಾಗಲಿ, ಓಟದ ದೋಣಿಯಿಂದ ಅನ್ನವನ್ನಾಗಲಿ ಅವರು ಬಯಸಲಿಲ್ಲ. ಪ್ರತಿಯೊಂದಕ್ಕೂ ಅದರದೇ ಧರ್ಮವಿರುವುದೆಂಬ ವಿವೇಕವು ಅವರಲ್ಲಿತ್ತು.

ಪಂದ್ಯದಲ್ಲಿಯೂ ನ್ಯಾಯವು ದೋಣಿಯನ್ನಲ್ಲ, ನಡೆಸುವವನನ್ನು ಅಳೆಯಲೆಳಸುತ್ತದೆ. ಇಂಗ್ಲೆಂಡಿನಲ್ಲಿ ಪೋರ್ಟ್ಸ್‌ಮತ್ ಊರಿನ ಹೆಸರಿನಲ್ಲಿ ನಡೆದುಬಂದಿರುವ ಪದ್ಧತಿಯಂತೆ, ಒಂದೊಂದು ಬಗೆಯ ದೋಣಿಗೂ ಒಂದೊಂದು ಅಂಕವುಂಟು; ಹಿಡಿದ ಕಾಲವನ್ನು ೧,೦೦೦ದಿಂದ ಗುಣಿಸಿ ಆ ಅಂಕದಿಂದ ಭಾಗಿಸುವರು. ೧,೨೦೦ ಅಂಕದ ನಿಧಾನದ ದೋಣಿಯು ೭೨ ನಿಮಿಷ ತೆಗೆದುಕೊಂಡರೆ ಲೆಕ್ಕಕ್ಕೆ ಬರುವುದು ೬೦ ನಿಮಿಷ. ೧,೦೦೦ ಅಂಕದ ಚುರುಕಿನ ದೋಣಿಯು ೬೨ ನಿಮಿಷಗಳಲ್ಲಿ ಮೊದಲಾಗಿ ದಡ ಸೇರಿದರೂ ಸೋತಂತೆಯೇ. ತನಗೆ ದೊರೆತ ಸಾಧನದಿಂದ ಎಷ್ಟನ್ನು ಸಾಧಿಸಿದನೆಂಬುದೇ ಇಲ್ಲಿ ಮನುಷ್ಯನ ಮಾನ.

ಆದರೆ ಈ ಲೆಕ್ಕವೆಲ್ಲವೂ ಒಂದು ಆಧಾರದ ಮೇಲೆ ನಿಂತಿದೆ, ಅದು ಸತ್ಯ. ೧೯೬೮ರಲ್ಲಿ, ಎಲ್ಲಿಯೂ ನಿಲ್ಲದೆ ಒಬ್ಬಂಟಿಗನಾಗಿ ಭೂಮಂಡಲವನ್ನು ಸುತ್ತುವ ಪಂದ್ಯಕ್ಕೆ ಒಂಬತ್ತು ಮಂದಿ ಹೊರಟರು. ಮುಗಿಸಿದವನು ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬನೇ. ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ ಆತನ ೩೨ ಅಡಿಯ ‘ಸುಹೈಲಿ’ಯು ಭಾರವಾದ, ನಿಧಾನದ ದೋಣಿ, ೩೧೨ ದಿನಗಳನ್ನು ತೆಗೆದುಕೊಂಡು ೧೯೬೯ರ ಏಪ್ರಿಲ್ ೨೨ರಂದು ಮರಳಿತು. ಅದಕ್ಕಿಂತ ಚುರುಕಾಗಿ ಓಡಿಬರುತ್ತಿದ್ದ ನೈಜೆಲ್ ಟೆಟ್ಲಿಯ ದೋಣಿಯು ಅದೇ ಮೇ ತಿಂಗಳಿನಲ್ಲಿ ಮುಳುಗಿತು, ಆತನು ಬದುಕಿಕೊಂಡನು. ಡೊನಾಲ್ಡ್ ಕ್ರೋಹರ್ಸ್ಟ್ ಎಂಬಾತನು ಅಟ್ಲಾಂಟಿಕ್ ಸಾಗರದಲ್ಲಿಯೇ ಸುಳಿದಾಡುತ್ತ, ಲೋಕವನ್ನು ಸುತ್ತುತ್ತಿರುವೆನೆಂದು ಸುಳ್ಳು ಸುದ್ದಿಯನ್ನು ಕಳುಹಿಸುತ್ತಿದ್ದನು. ಆತನು ಬೆನ್ನಟ್ಟಿ ಬರುತ್ತಿರುವನೆಂದು ನಂಬಿದ ಟೆಟ್ಲಿಯು ಜೀರ್ಣವಾಗಿದ್ದ ದೋಣಿಯನ್ನು ಮಿತಿಮೀರಿ ಓಡಿಸಿದ್ದನು. ಕ್ರೋಹರ್ಸ್ಟನ ದೋಣಿಯು ಜುಲೈ ೧೦ರಂದು ನಿರ್ಜನವಾಗಿ ಸಿಕ್ಕಿತು. ಒಬ್ಬನ ಸುಳ್ಳು ಮತ್ತೊಬ್ಬನ ದೋಣಿಯನ್ನು ಒಡೆಯಿತು. ಕೊನೆಗೆ ಹೇಳಿದವನನ್ನೂ ಉಳಿಸಲಿಲ್ಲ. ಗೆದ್ದಾತನು ತನಗೆ ಬಂದ ೫,೦೦೦ ಪೌಂಡುಗಳನ್ನು ಕ್ರೋಹರ್ಸ್ಟನ ಹೆಂಡತಿ ಮಕ್ಕಳಿಗೆ ಕೊಟ್ಟುಬಿಟ್ಟನು.

ನಿಧಾನವೇ ಗೆಲ್ಲುವುದೆಂದು ಇದರಿಂದ ಸಾರವೆತ್ತುವುದು ಸರಿಯಲ್ಲ. ಟೆಟ್ಲಿಯ ಕಿವಿಗೆ ಸುಳ್ಳು ಬೀಳದಿದ್ದರೆ ಆತನ ದೋಣಿಯು ಮೆಲ್ಲನೆಯಾದರೂ ಮನೆ ಸೇರುತ್ತಿತ್ತೋ ಏನೋ. ದೋಣಿಗೆ ತನ್ನ ಮಿತಿಯುಂಟು. ಆ ಮಿತಿಯನ್ನು ಕುರಿತು ತನಗೂ ಪರರಿಗೂ ನಿಜವನ್ನಾಡುವುದೇ ನಾವಿಕನ ಮೊದಲನೆಯ ಧರ್ಮ. ಹಳೆಯ ದೋಣಿಯನ್ನು ಮಾರುವವನಿಗೂ ಇದು ಸಲ್ಲುತ್ತದೆ. ಹೊಸ ಬಣ್ಣದ ಕೆಳಗೆ ಹುಳು ಕೊರೆದ ಹಲಗೆಯಿದ್ದರೆ ಕೊಳ್ಳುವವನಿಗೆ ಕಾಣದು, ಕಡಲಿಗೆ ಕಾಣುತ್ತದೆ. ಅದನ್ನು ಮರೆಯಿಸಿ ಹಣವನ್ನು ಎಣಿಸಿಕೊಳ್ಳುವವನು ಮರವನ್ನಲ್ಲ, ಪರರ ಪ್ರಾಣವನ್ನು ಮಾರುತ್ತಾನೆ.

ಕೊಳ್ಳುವವನೂ ತನ್ನನ್ನು ತಾನು ವಂಚಿಸಿಕೊಳ್ಳಬಾರದು. ತನ್ನ ಪ್ರಾಣವನ್ನು ಪಣವಾಗಿಡುವುದಕ್ಕೆ ಬಲ್ಲವನಿಗೆ ಅಧಿಕಾರವುಂಟು. ಪಂದ್ಯದ ದೋಣಿಯು ಆತನಿಗೆ ಎಚ್ಚರವನ್ನೂ ಧೈರ್ಯವನ್ನೂ ಕಲಿಸುವ ಗುರುವಾದೀತು. ಆದರೆ ತಂದೆಯ ಮಾತನ್ನು ನಂಬಿ ದೋಣಿಯನ್ನೇರುವ ಮಗುವು ಆ ಪಣಕ್ಕೆ ಒಪ್ಪಿಗೆ ಕೊಟ್ಟುದಿಲ್ಲ. ಅದುಕಾರಣ, ಈ ಗೃಹಸ್ಥನು ಕೇಳಿಕೊಳ್ಳತಕ್ಕದ್ದು ಯಾವ ದೋಣಿಯು ಉತ್ತಮವೆಂದಲ್ಲ, ತನ್ನೊಡನೆ ಕುಳಿತುಕೊಳ್ಳುವವರು ಯಾರೆಂದು. ಮಕ್ಕಳು ಬರುವುದಾದರೆ ಅಗಲವಾದ ದೋಣಿಯನ್ನೇ ಕೊಳ್ಳಲಿ. ಪಂದ್ಯದಲ್ಲಿ ಅದು ಹಿಂದೆ ಬಿದ್ದರೆ ನಗುವವರು ನಗಲಿ. ಸಂಜೆಗೆ ಎಲ್ಲರೂ ದಡದಲ್ಲಿದ್ದರೆ ಸಾಕು.